ಲ್ಯಾಗಿಂಗ್ ನಟರಾಜನ ಮನೆಯೊಳಗೆ ಉಣ್ಣೆ ಬಂದದ್ದು

ದೇವನೂರಿನ ನಟರಾಜ್ ಕೆಲಸದಿಂದ ಬಂದಾಗ ಮುಂಬಾಗಿಲಿನಿಂದ ಮನೆ ಹೊಗುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಹಿತ್ತಲಿನ ದಾರಿಯೇ. ಮೊದಲು ಹಿತ್ತಲ ಬಚ್ಚಲಲ್ಲಿ ಸ್ನಾನ, ಆಮೇಲೆ ಬೇರೆ ಬಟ್ಟೆ, ಆಮೇಲೆ ಹೆಂಡತಿಯ ಮುಖ. ಕೆಲಸದ ಬಟ್ಟೆ ನೆನೆಹಾಕಲು ಒಂದು ನೀಲಿ ಬಕೆಟ್ಟು ಬೇರೆ ಇದೆ. ಅದನ್ನು ಬೇರೆ ಯಾರಾದರೂ ಮುಟ್ಟಿದರೆ ಅವನ ಬಾಯಿ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ಹೊಸದಾಗಿ ನೋಡಿದವರು ಇವನಿಗೆ ಮಡಿಯ ಹುಚ್ಚು ಹಿಡಿದಿದೆ ಎಂದುಕೊಂಡಾರು. ಮಡಿಯವರ ಬಗ್ಗೆ ನಟರಾಜನಿಗೆ ಇರುವ ಅಭಿಪ್ರಾಯವನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಅವನ ಈ ವೇಷಕ್ಕೆಲ್ಲ ಕಾರಣ ರಾಕ್‌ವೂಲ್. ನಂಜನಗೂಡಿನ ಕಾರ್ಖಾನೆಗಳಲ್ಲಿ ಬಾಯ್ಲರಿಗೂ ಹಬೆ ಹೋಗುವ ಪೈಪುಗಳಿಗೂ ಶಾಖ ಸೋರದಂತೆ ಉಣ್ಣೆ ಸುತ್ತಿ, ಅದರ ಮೇಲೆ ತಗಡು ಹೊದಿಸುವುದು ಅವನ ಕೆಲಸ. ಅದಕ್ಕೆ ಲ್ಯಾಗಿಂಗ್ ಎನ್ನುತ್ತಾರೆ. ಉಣ್ಣೆ ಎಂದರೆ ಕುರಿಯದ್ದಲ್ಲ. ಕಲ್ಲು ಕರಗಿಸಿ, ಬೊಂಬಾಯಿ ಮಿಠಾಯಿಯ ಹಾಗೆ ಎಳೆ ತೆಗೆದು, ಒತ್ತಿ ಮಾಡಿದ ಹಲಗೆ. ನೋಡಲು ಹಾಸಿಗೆಯಂತಿರುತ್ತದೆ, ಬರಿಮೈಯಲ್ಲಿ ಅದರ ಮೇಲೆ ಒರಗಿದವನು ಮಾತ್ರ ರಾತ್ರಿಯೆಲ್ಲ ಕೆರೆದುಕೊಂಡು ಕೂರಬೇಕು. ಎಳೆಗಳು ಸಣ್ಣಗೆ ಮುರಿದು ಚರ್ಮಕ್ಕೆ ಚುಚ್ಚುತ್ತವೆ, ಧೂಳು ಗಂಟಲಿಗೆ ಹೋದರೆ ಕೆಮ್ಮು ಬರುತ್ತದೆ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಟ್ರಾಕ್ಟರು ಕೈಗವಸು ಕೊಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ಕೆರ್ತ ಬಂದ್ರೆ ಕೊಬ್ರಿ ಎಣ್ಣೆ ಸವರ್ಕಳ್ಲಾ” ಎಂದು ಹೇಳಿ ಸ್ಕೂಟರ್ ಹತ್ತಿ ಹೋದ.

ಮಗಳು ಕವನ ಎಂಟು ತಿಂಗಳ ಕೂಸಾಗಿದ್ದಾಗ ಮೈತುಂಬ ಕೆಂಪು ಗುಳ್ಳೆ ಎದ್ದವು. ನಟರಾಜನ ತಾಯಿ ಮುದ್ದಮ್ಮ, “ಅಮ್ಮ ಬಂದವ್ಳೆ” ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದಳು. ಗೋಡೆಯ ಮೇಲೆ ಬುದ್ಧನ ಪಟ, ಅಂಬೇಡ್ಕರರ ಪಟ ಇದ್ದ ಮನೆ. ಅವರಿಬ್ಬರೂ ನೋಡುತ್ತಿರುವಾಗಲೇ ಮಂತ್ರದವನೊಬ್ಬ ಬಂದು ನಿಂಬೆಹಣ್ಣು ಕೊಯ್ದು, ಒಂದು ಕೋಳಿ ತಿಂದು ಹೋದ. ಕೂಸನ್ನು ಕಪಿಲೆಯಲ್ಲಿ ಮೂರು ಸಲ ಮುಳುಗಿಸಿದರು. ಗುಳ್ಳೆಗಳು ಯಾವ ದೇವರಿಗೂ ಸೊಪ್ಪು ಹಾಕಲಿಲ್ಲ. ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ನರ್ಸ್ ದೇವೀರಮ್ಮ, “ಕೂಸಿನ್ ಅಪ್ಪ ಏನ್ ಕೆಲ್ಸ ಮಾಡದು?” ಎಂದು ಕೇಳಿದಳು. ನಟರಾಜ್ ಹೇಳಿದ. “ನಿನ್ ಅಂಗಿ, ಕೂಸಿನ್ ಬಟ್ಟೆ ಎಲ್ಲಾ ಒಂದೇ ಬಕೀಟ್ಗೆ ಆಕ್ತೀರಾ?” ಎಂದಳು. ಹಾಕುತ್ತಿದ್ದರು. ಬೇರೆ ಬೇರೆ ಒಗೆಯಲು ಶುರುಮಾಡಿದ ಹದಿನೈದು ದಿನಕ್ಕೆ ಮಗುವಿನ ಮೈ ತಿಳಿಯಾಯಿತು.

ನಟರಾಜನ ಮನಸ್ಸು ಮಾತ್ರ ತಿಳಿಯಾಗಲಿಲ್ಲ. ಕೂಸು ಮೂರು ತಿಂಗಳು ಅತ್ತದ್ದು ತನ್ನ ಅಂಗಿಯಿಂದ ಎಂಬುದನ್ನು ಅವನು ಯಾರೊಂದಿಗೂ ಆಡಲಿಲ್ಲ, ಒಂದು ದಿನವೂ ಮರೆಯಲಿಲ್ಲ. ಅಂದಿನಿಂದ ಮನೆಗೆ ಒಂದೇ ಕಾನೂನು. ಉಣ್ಣೆಯ ಒಂದು ಎಳೆಯೂ ಹೊಸ್ತಿಲು ದಾಟಕೂಡದು.

ಈಗ ಅದೇ ಕೂಸು ಡಿಗ್ರಿ ಮುಗಿಸಿ, ಉಣ್ಣೆಯನ್ನು ಮನೆಯೊಳಕ್ಕೆ ತಾ ಎಂದು ಕೂತಿತು.

ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿಸಿ ರೆಕಾರ್ಡು ಮಾಡಿಸುವ ಸಂಸ್ಥೆಯೊಂದಕ್ಕೆ ಕವನ ಅರ್ಜಿ ಹಾಕಿದ್ದಳು. ಮನೆಯಲ್ಲೇ ಕೂತು ಮಾಡುವ, ತಿಂಗಳ ಸಂಬಳದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಅವಳಿಗೆ ಜೀವ ಹೋಗುವಷ್ಟು ಇಷ್ಟವಾದ ಕೆಲಸ. ಎರಡು ಪುಟ ಓದಿ ಕಳಿಸಿದ್ದಕ್ಕೆ ಸೋಮವಾರ ಉತ್ತರ ಬಂತು. ನಿಮ್ಮ ಧ್ವನಿ ಚೆನ್ನಾಗಿದೆ, ನಿಮ್ಮ ಕೋಣೆ ಚೆನ್ನಾಗಿಲ್ಲ, ಬಾವಿಯೊಳಗಿಂದ ಓದಿದಂತಿದೆ. ಶನಿವಾರ ಸಂಜೆ ಐದರೊಳಗೆ ಮತ್ತೆ ಕಳಿಸಿ, ತಪ್ಪಿದರೆ ಮುಂದಿನ ವರ್ಷ ನೋಡೋಣ. ಕೋಣೆಯ ತಪ್ಪೇನೂ ಇರಲಿಲ್ಲ. ಸಿಮೆಂಟಿನ ಗೋಡೆ, ಟೈಲ್ಸ್ ನೆಲ, ಒಂದು ಕಬ್ಬಿಣದ ಬೀರು. ಅಲ್ಲಿ ಸೀನಿದರೆ ಎರಡು ಸಲ ಕೇಳಿಸುತ್ತಿತ್ತು.

ಮೊದಲ ಪರಿಹಾರ ಕವನಳ ಸೋದರಮಾವ ರವಿಕುಮಾರನಿಂದ ಬಂತು. ಅವನದು ತಿ. ನರಸೀಪುರದಲ್ಲಿ ಗುಜರಿ ಅಂಗಡಿ. ಜಗತ್ತಿನ ಯಾವ ಕಷ್ಟಕ್ಕೂ ಅವನ ಅಂಗಡಿಯಲ್ಲಿ ಸಾಮಾನು ಇರುತ್ತದೆ. ಮಂಗಳವಾರ ಅವನು ನೂರಿಪ್ಪತ್ತು ಮೊಟ್ಟೆಯ ಟ್ರೇಗಳನ್ನು ಹೊತ್ತು ತಂದು ಗೋಡೆಗೆಲ್ಲ ಅಂಟಿಸಿದ. ಕೋಣೆಗೆ ಜಿರಳೆ ಬಂದವು, ಪ್ರತಿಧ್ವನಿ ಹೋಗಲಿಲ್ಲ. ಆಗಲೇ ಕವನ ಮೊಬೈಲಿನಲ್ಲಿ ಹುಡುಕಾಡಿ ಕಂಡುಕೊಂಡದ್ದು, ಸ್ಟುಡಿಯೋಗಳ ಗೋಡೆಯ ಮೇಲಿರುವ ಪ್ಯಾನೆಲ್ಲುಗಳ ಹೊಟ್ಟೆಯಲ್ಲಿ ಇರುವುದು ತನ್ನ ಅಪ್ಪ ದಿನವೂ ಸುತ್ತುವ ಉಣ್ಣೆಯೇ ಎಂದು.

“ಅಪ್ಪ, ಅದು ಶಾಖ ತಡೆಯೋ ಅಂಗೇ ದನೀನೂ ನುಂಗ್ಕೊಳುತ್ತಂತೆ” ಎಂದಳು.

ನಟರಾಜ್ ತಟ್ಟೆ ಬಿಟ್ಟು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದ. ಆ ರಾತ್ರಿ ಮತ್ತೆ ಊಟಕ್ಕೆ ಕೂರಲಿಲ್ಲ. ಬೆಳಿಗ್ಗೆ ಮಗಳ ಮುಖ ನೋಡದೆ ಹೇಳಿದ, “ಮಾಡದಾದ್ರೆ ನಾನೇ ಮಾಡ್ಬೇಕು. ನೀನು ಮುಟ್ಕೂಡ್ದು.”

ರವಿಕುಮಾರ್ ಆ ಮಧ್ಯಾಹ್ನವೇ ಒಡೆದ ಬಾಯ್ಲರಿನಿಂದ ಕಿತ್ತ ಹಳೇ ಉಣ್ಣೆಯನ್ನು ಮೂಟೆ ಕಟ್ಟಿ ತಂದ. “ಬಿಟ್ಟಿ ಕಣ್ ಬಾವ, ತಕಳಿ” ಎಂದ.

“ಲೇ, ತಲೆ ನೆಟ್ಟಗದೆಯೇನ್ಲಾ ನಿಂಗೆ? ಯಾವ್ ಕಾಲ್ದ ಬಾಯ್ಲರೋ, ಒಳ್ಗೆ ಏನೇನ್ ಬೆರ್ಸವ್ರೋ! ಇಂತಾ ಹಳೇ ಮಾಲಲ್ಲಿ ಆಸ್ಬೆಸ್ಟಾಸು ಅಂತ ಎದೆ ತಿನ್ನೋ ನಾರಿರ್ತದೆ. ಬಿಚ್ಚಬ್ಯಾಡ. ತಗಂಡೋಗು ಮೊದ್ಲು!”

ರವಿಕುಮಾರ್ ಮೂಟೆಯನ್ನು ಹಾಗೆಯೇ ಗಾಡಿಗೆ ಹಾಕಿದ. ನಟರಾಜ್ ಮೈಸೂರಿಗೆ ಹೋಗಿ ಹೊಸ ಹಲಗೆಗಳನ್ನು, ಕಂಪನಿಯ ಪ್ಲಾಸ್ಟಿಕ್ಕಿನಲ್ಲಿ ಸೀಲಾದವುಗಳನ್ನೇ, ಗೂಡ್ಸ್ ಆಟೋದಲ್ಲಿ ತಂದು ಹಿತ್ತಲಲ್ಲಿ ಇಳಿಸಿದ.

ಗುರುವಾರದಿಂದ ಮೂರು ದಿನ ರಜೆ ಹಾಕಿದ. ತುಂಬುತೋಳಿನ ಅಂಗಿ, ಕೈಗವಸು, ಕನ್ನಡಕ, ಎನ್-ತೊಂಬತ್ತೈದು ಮಾಸ್ಕು, ತಲೆಗೆ ಮಂಗನಟೋಪಿ. ಸಾಲ ಕೇಳಲು ಬಂದಿದ್ದ ನೆರೆಮನೆಯ ಬಸವಣ್ಣ ಬೇಲಿಯಾಚೆಯಿಂದ ನೋಡಿ, ಕೊರೋನಾ ತಿರುಗಿ ಬಂತೆಂದುಕೊಂಡು ಹಾಗೆಯೇ ಹಿಂದಕ್ಕೆ ಹೋದ. ನಟರಾಜ್ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು, ಮನೆಗೆ ಬೆನ್ನು ಹಾಕಿ, ನೆಲಕ್ಕೆ ನೀರು ಚಿಮುಕಿಸಿ ಕೂತ. ಗರಗಸ ಮುಟ್ಟಲಿಲ್ಲ, ಅದರಿಂದ ಧೂಳು ಏಳುತ್ತದೆ. ಉದ್ದನೆಯ ಚಾಕುವಿನಿಂದ ನಿಧಾನವಾಗಿ ಕೊಯ್ದ. ಕತ್ತರಿಸಿದ ಚೂರನ್ನೆಲ್ಲ ಆಗಿಂದಾಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ಮುದ್ದಮ್ಮ ಪೊರಕೆ ಹಿಡಿದು ಬಂದಾಗ, “ಗುಡಿಸ್ಬ್ಯಾಡ ಕಣವ್ವೋ, ಒದ್ದೆ ಬಟ್ಟೆಲ್ ಒರಸ್ಬೇಕು” ಎಂದು ಮಾಸ್ಕಿನೊಳಗಿಂದಲೇ ಕೂಗಿದ. ಅವಳಿಗೆ ಅರ್ಧ ಕೇಳಿಸಿತು, ಪೂರ್ತಿ ಸಿಟ್ಟು ಬಂತು.

ನಾಲ್ಕಡಿ ಉದ್ದ, ಎರಡಡಿ ಅಗಲದ ಆರು ಮರದ ಚೌಕಟ್ಟು. ಒಳಗೆ ಉಣ್ಣೆ. ಇನ್ನು ಮೇಲೆ ಹೊದಿಸಬೇಕು. ಇಲ್ಲಿ ನಟರಾಜ್ ಇಪ್ಪತ್ತೆರಡು ವರ್ಷಗಳ ಭಯವನ್ನೆಲ್ಲ ಒಟ್ಟುಗೂಡಿಸಿ ಯೋಚಿಸಿ, ಗಾಳಿಯೂ ಆಡದಂಥದ್ದನ್ನೇ ಹೊದಿಸಿದ. ಫ್ಲೆಕ್ಸು. ರವಿಕುಮಾರ್ ತನ್ನ ಹುಟ್ಟುಹಬ್ಬಕ್ಕೆ ತಾನೇ ಕಟ್ಟಿಸಿಕೊಂಡಿದ್ದ ಫ್ಲೆಕ್ಸುಗಳು ಅಟ್ಟದ ಮೇಲೆ ಹೇರಳವಾಗಿ ಬಿದ್ದಿದ್ದವು. ಅಂಚನ್ನೆಲ್ಲ ಟೇಪು ಸುತ್ತಿ ಬಿಗಿದು, ಪ್ಯಾನೆಲ್ಲುಗಳನ್ನು ಗೋಡೆಯಿಂದ ಎರಡು ಬೆರಳು ಮುಂದಕ್ಕೆ ಬರುವಂತೆ ತೂಗುಹಾಕಿದ. ಆರು ಜನ ಯುವ ಮುಖಂಡ ರವಿಕುಮಾರರು ಕೂಲಿಂಗ್ ಗ್ಲಾಸ್ ಹಾಕಿ, ಕಿವಿಗೆ ಫೋನಿಟ್ಟುಕೊಂಡು, ಕೋಣೆಯ ಎಲ್ಲ ಕಡೆಯಿಂದ ನಾಡಿನ ಜನತೆಗೆ ಕೈಮುಗಿದು ನಿಂತರು.

ಕವನ ನಗು ತಡೆದುಕೊಂಡು ಓದಿ ರೆಕಾರ್ಡು ಮಾಡಿದಳು. ಹೆಚ್ಚುಕಡಿಮೆ ಅದೇ ಬಾವಿ. ಅವಳ ನಗು ಹೋಯಿತು.

“ಅಪ್ಪ, ಫ್ಲೆಕ್ಸು ದನೀನ ತಿರ್ಗಿ ಎಸೀತದೆ. ದನಿ ಒಳಿಕ್ ಹೋಗ್ಬೇಕು, ಆಗ್ಲೇ ಉಣ್ಣೆ ನುಂಗದು. ಬಾಯಿಂದ ಊದುದ್ರೆ ಗಾಳಿ ಆಚ್ಗೆ ಬರೋ ಅಂತಾ ಬಟ್ಟೆ ಹಾಕ್ಬೇಕಂತೆ.”

“ಗಾಳಿ ಬತ್ತದೆ ಅಂದ್ರೆ ಉಣ್ಣೆನೂ ಬತ್ತದೆ.”

“ಬರಲ್ಲಪ್ಪ.”

“ನಿಂಗೇನ್ ಗೊತ್ತು!” ಎಂದು ನಟರಾಜ್ ಕಿರುಚಿದ. ಮಗಳ ಮೇಲೆ ಅವನು ಹಾಗೆ ಕಿರುಚಿದ್ದು ಅದೇ ಮೊದಲು. “ಆ ಕೆಲ್ಸ ಇಲ್ದಿದ್ರೆ ಇಲ್ಲ. ಓಗ್ಲಿ ಬುಡು.”

ಕವನ ಕೋಣೆಯ ಬಾಗಿಲು ಹಾಕಿಕೊಂಡಳು. ನಟರಾಜ್ ಹಿತ್ತಲಲ್ಲಿ ಬೀಡಿಯ ಮೇಲೆ ಬೀಡಿ ಹಚ್ಚಿದ. ಉಣ್ಣೆಯ ಧೂಳಿಗೆ ಇಷ್ಟೆಲ್ಲ ಹೆದರುವ ಮನುಷ್ಯ ಬೀಡಿಯ ಹೊಗೆಗೆ ಯಾಕೆ ಹೆದರುವುದಿಲ್ಲ ಎಂದು ಅವನನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಇಂದ್ರಾಣಿ ಮಧ್ಯೆ ಬಂದಳು. ನಟರಾಜನ ಹೆಂಡತಿ, ಊರಿನ ಅರ್ಧ ಹೆಂಗಸರ ರವಿಕೆಯ ಅಳತೆಯೂ ಮುಕ್ಕಾಲು ಹೆಂಗಸರ ಗುಟ್ಟೂ ಗೊತ್ತಿರುವ ದರ್ಜಿ. ಅವಳು ಬೀರುವಿನಿಂದ ಒಂದು ಗಂಟು ತೆಗೆದು ಗಂಡನ ಮುಂದೆ ಸುರಿದಳು. ಮದುವೆಮನೆಗಳಲ್ಲಿ ತೆಂಗಿನಕಾಯಿ, ಎಲೆಅಡಿಕೆ ಹಾಕಿ ಕೊಡುವ ತಾಂಬೂಲದ ಚೀಲಗಳು. ಬಟ್ಟೆಯೂ ಅಲ್ಲದ, ಕಾಗದವೂ ಅಲ್ಲದ, ನೇಯದೆ ಒತ್ತಿ ಮಾಡಿದ ಆ ಚೀಲಗಳನ್ನು ಎಸೆಯಲು ಮನಸ್ಸು ಬಾರದೆ, ಬಳಸಲು ದಾರಿ ಕಾಣದೆ, ಎಲ್ಲರ ಮನೆಯಲ್ಲೂ ರಾಶಿ ಹಾಕಿರುತ್ತಾರೆ.

“ಇದ ಊದಿ” ಎಂದಳು. ನಟರಾಜ್ ಊದಿದ. ಗಾಳಿ ಸಲೀಸಾಗಿ ಆಚೆಗೆ ಬಂತು. “ಈಗ ಇದ್ರೊಳಿಕ್ ನಿಮ್ ಉಣ್ಣೆ ಚೂರ್ ಹಾಕಿ ಒದ್ರಿ. ಕೆಳ್ಗೆ ಕರೀ ಬಟ್ಟೆ ಆಸಿವ್ನಿ. ಒಂದ್ ಎಳೆ ಬಿದ್ರೆ ನಾನೂ ನಿಮ್ ಕಡೆ.”

ನಟರಾಜ್ ಮತ್ತೆ ಮಾಸ್ಕು, ಕೈಗವಸು, ಕನ್ನಡಕ ಹಾಕಿಕೊಂಡು ಚೀಲವನ್ನು ಹತ್ತು ನಿಮಿಷ ಒದರಿದ. ಬಿಸಿಲಿಗೆ ಹಿಡಿದು ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಕಪ್ಪು ಬಟ್ಟೆಯನ್ನು ನೋಡಿದ. ಏನೂ ಇರಲಿಲ್ಲ. ಅವನಿಗೆ ಸಮಾಧಾನವಾಯಿತೋ, ಸೋತೆನೆಂದು ಬೇಜಾರಾಯಿತೋ, ಅವನ ಮುಖದ ಮೇಲೆ ಕನ್ನಡಕವಿದ್ದುದರಿಂದ ಇಂದ್ರಾಣಿಗೆ ತಿಳಿಯಲಿಲ್ಲ.

ಇಂದ್ರಾಣಿ ಚೀಲಗಳ ಹೊಲಿಗೆ ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಎರಡೆರಡು ಪದರ ಹೊಲಿದಳು. ಅದರ ಮೇಲೆ ಲಂಗಕ್ಕೆಂದು ತಂದಿಟ್ಟಿದ್ದ ಮೆರೂನ್ ಬಣ್ಣದ ಹತ್ತಿ ಬಟ್ಟೆ. ಅದನ್ನೂ ಊದಿ ನೋಡಿಯೇ ಕತ್ತರಿಸಿದಳು. ಪ್ಯಾನೆಲ್ಲುಗಳನ್ನು ಹೊರಗೆ ತಂದು, ಫ್ಲೆಕ್ಸನ್ನು ಹಿತ್ತಲಲ್ಲೇ ಬಿಚ್ಚಿ, ಹೊಸ ಹೊದಿಕೆಯನ್ನು ಚೌಕಟ್ಟಿನ ಹಿಂದಕ್ಕೆ ಎಳೆದು ಬಿಗಿದು ನಟರಾಜನೇ ಪಿನ್ನು ಹೊಡೆದ. ಹಿಂಭಾಗಕ್ಕೂ ಅದೇ ಚೀಲ. ಹೊರಗೆ ಕಾಣದಿದ್ದರೂ ಒಳಗೆ ಹತ್ತಾರು ಜೋಡಿಗಳ ಹೆಸರು ಸಾಲಾಗಿ ನಿಂತವು. ಅವುಗಳಲ್ಲಿ ಒಂದು ಸೋಮಶೇಖರ್ ಮತ್ತು ಅರ್ಪಿತರದು. ಆ ಮದುವೆ ಆರು ತಿಂಗಳಿಗೆ ಮುರಿಯಿತು, ಚೀಲ ಇನ್ನೂ ಗಟ್ಟಿಯಾಗಿತ್ತು. ದೀಪ, ಸ್ವಿಚ್ಚು ಇರುವ ಕಡೆ ಬಿಟ್ಟು ತೂಗುಹಾಕಬೇಕೆಂದು ನಟರಾಜ್ ಗುರುತು ಹಾಕಿಕೊಂಡ. ಉಣ್ಣೆಗೆ ಬೆಂಕಿ ಹಿಡಿಯದು, ಲಂಗದ ಬಟ್ಟೆಗೆ ಹಿಡಿಯುತ್ತದೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯಿತು. ನಟರಾಜ್ ಮಾತ್ರ ಹಿತ್ತಲ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

“ಮೊದ್ಲು ನನ್ ಮೈಗ್ ಒತ್ತಿ ನೋಡ್ತೀನಿ” ಎಂದು ಅಂಗಿ ಬಿಚ್ಚಿ, ಒಂದು ಪ್ಯಾನೆಲ್ಲನ್ನು ಅವುಚಿಕೊಂಡು ಕೂತ.

“ನಿಮ್ ಚರ್ಮುಕ್ಕೆ ಇನ್ನೇನ್ ಗೊತ್ತಾದದು?” ಎಂದಳು ಇಂದ್ರಾಣಿ. “ಎಮ್ಮೆ ಚರ್ಮ ಆಗ್ ಎಸ್ಟ್ ವರ್ಸ ಆಯ್ತು!”

ನಿಜವೇ. ನಟರಾಜನಿಗೂ ಅದು ಗೊತ್ತಿತ್ತು. ಆದರೂ ಪ್ಯಾನೆಲ್ಲನ್ನು ಬಿಡಲಿಲ್ಲ. ಆಗ ಕವನ ಬಂದು ಇನ್ನೊಂದು ಪ್ಯಾನೆಲ್ಲಿನ ಪಕ್ಕ ನೆಲದ ಮೇಲೆ ಕೂತು, ಅವನು ಬೇಡ ಎನ್ನುವಷ್ಟರಲ್ಲಿ, ಅದರ ಮೇಲೆ ಕೆನ್ನೆ ಇಟ್ಟು ಮಲಗಿಬಿಟ್ಟಳು.

ನಟರಾಜ್ ತನ್ನ ಪ್ಯಾನೆಲ್ಲನ್ನು ಪಕ್ಕಕ್ಕಿಟ್ಟ. ಅವಳ ಮುಖವನ್ನೇ ನೋಡಿದ. ಕವನ ಕಣ್ಣು ಮುಚ್ಚಿಕೊಂಡು ತನ್ನ ಪುಟಗಳನ್ನು ಮನಸ್ಸಿನಲ್ಲೇ ಓದುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿತ್ತು. ಮೂರೂವರೆ ಆಯಿತು. ಇಂದ್ರಾಣಿ ಮೊಬೈಲಿನ ಬೆಳಕು ಬಿಟ್ಟು ಕೆನ್ನೆ, ಕಿವಿ, ಕತ್ತು ಎಲ್ಲ ನೋಡಿದಳು. ಬಟ್ಟೆಯ ಗೀರು ಬಿಟ್ಟರೆ ಏನೂ ಇಲ್ಲ.

“ಇನ್ನೊಂದ್ ಹತ್ ನಿಮ್ಸ” ಎಂದ ನಟರಾಜ್.

ಹತ್ತು ನಿಮಿಷ ಕಳೆಯಿತು. “ಇನ್ನೊಂದ್ ಹತ್ತು.” ಅದೂ ಕಳೆಯಿತು. ಸಂಜೆ ಐದಕ್ಕೆ ಕೊನೆ ಗಡುವು. ಗಡಿಯಾರ ನಾಲ್ಕು ದಾಟಿತು. “ಆಗ್ಲೂ ಬ್ಯಾಗ ಗೊತ್ತಾಗ್ಲಿಲ್ಲ ಕಣವ್ವಾ” ಎಂದ. “ಮೂರ್ ತಿಂಗ್ಳು ಗೊತ್ತಾಗ್ಲಿಲ್ಲ. ದಿನಾ ಎತ್ಕತಿದ್ದೆ ನಿನ್ನ, ಅದೇ ಅಂಗೀಲಿ.”

ಕವನ ಕಣ್ಣು ಬಿಟ್ಟಳು. ಎದ್ದು ಕೂತಳು. ಈ ಮಾತನ್ನು ಅವಳು ಅಪ್ಪನ ಬಾಯಿಂದ ಕೇಳಿದ್ದು ಇದೇ ಮೊದಲು.

“ಇಪ್ಪತ್ತೆರಡ್ ವರ್ಸ ಆಯ್ತು ಕಣಪ್ಪ” ಎಂದಳು. “ಸಾಕು ಬುಡು. ಎತ್ಕೊಂಡಿದ್ದೆಯಲ್ಲ, ಅಷ್ಟ್ ಸಾಕು.”

ನಟರಾಜ್ ಬಾಗಿಲು ಬಿಟ್ಟು ಸರಿದ. ಆಮೇಲೆ ತಾನೇ ಆರು ಪ್ಯಾನೆಲ್ಲುಗಳನ್ನೂ ಒಂದೊಂದಾಗಿ ಒಳಗೆ ಒಯ್ದು ತೂಗುಹಾಕಿದ. ಕವನ ಬಾಗಿಲು ಹಾಕಿಕೊಂಡಳು. ನಾಲ್ಕೂ ಐವತ್ತಕ್ಕೆ ಬಾಗಿಲು ತೆರೆದು ಫೋನನ್ನು ಅಪ್ಪನ ಕಿವಿಗೆ ಹಿಡಿದಳು. ಬಾವಿ ಇರಲಿಲ್ಲ, ಗೋಡೆ ಇರಲಿಲ್ಲ; ಮಗಳು ಪಕ್ಕದಲ್ಲೇ ಕೂತು ತನಗೊಬ್ಬನಿಗೇ ಓದಿ ಹೇಳುತ್ತಿರುವ ಹಾಗಿತ್ತು. ಅವಳು ಕಳಿಸುವ ಗುಂಡಿ ಒತ್ತಿದಳು. ಹೋಯಿತು.

ನಟರಾಜನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ಸರಿಯಾಗಿ ತೊಳೆದಿದ್ದೆನೋ ಇಲ್ಲವೋ ಎಂಬ ಅನುಮಾನಕ್ಕೆ ಅವನು ಒರೆಸಿಕೊಳ್ಳಲಿಲ್ಲ. ಕವನ ತನ್ನ ದುಪಟ್ಟಾದ ತುದಿಯಿಂದ ಒರೆಸಿದಳು.