ನೀರಿನ ಮೇಲೆ ಬಾಗಿದ ಕೊಂಬೆ

ಇಸಾಮು, ಫುಜಿ ಬೆಟ್ಟವನ್ನು ಹತ್ತಿರದಿಂದ ಕಂಡವನೇ ಅಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯ ಒತ್ತಾಯಕ್ಕೆ ಅದರ ಬುಡದವರೆಗೆ ರೈಲಿನಲ್ಲಿ ಹೋಗಿದ್ದ. ಅಂದು ಇಡೀ ದಿನ ಮೋಡ. ಇಬ್ಬರೂ ಸ್ಟೇಷನ್ನಿನ ಪಕ್ಕದಲ್ಲಿ ಬಿಸಿ ನೂಡಲ್ಸ್ ತಿಂದು, ಮುಂದಿನ ಸಲ ನೋಡಿದರಾಯಿತು ಎಂದುಕೊಂಡು ವಾಪಸಾದರು. ಮುಂದಿನ ಸಲ ಬರಲಿಲ್ಲ. ಆದರೂ ಟೋಕಿಯೊದ ಪೂರ್ವ ಬಡಾವಣೆಗಳ ಸಾರ್ವಜನಿಕ ಸ್ನಾನದ ಮನೆಗಳಲ್ಲಿ, ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತ ಜನ ಗೋಡೆಯ ಮೇಲೆ ನೋಡುತ್ತಿದ್ದ ಫುಜಿ ಬೆಟ್ಟಗಳಲ್ಲಿ ಬಹುಪಾಲು ಅವನು ಬರೆದವೇ. ಬೆಟ್ಟವನ್ನು ಅವನು ಕಲಿತದ್ದು ಬೇರೆಯವರ ಗೋಡೆಗಳಿಂದ. ಆ ಕಸುಬಿನಲ್ಲಿ ಕೂರಿಸಿಕೊಂಡು ಹೇಳಿಕೊಡುವ ಪದ್ಧತಿ ಇರಲಿಲ್ಲ. ನೋಡಬೇಕು, ನೋಡಿ ಕದಿಯಬೇಕು.

ಈಗ ಕದಿಯುವವರೂ ಇಲ್ಲ, ಗೋಡೆಗಳೂ ಇಲ್ಲ. ಮನೆಮನೆಯಲ್ಲೂ ಬಚ್ಚಲಾದ ಮೇಲೆ ಸ್ನಾನದ ಮನೆಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಯಾವುದಾದರೂ ಮುಚ್ಚಿತೆಂದು ಕೇಳಿದಾಗ ಇಸಾಮುವಿಗೆ ಅದರ ಒಡೆಯರ ಮುಖಕ್ಕಿಂತ ಮೊದಲು ಗೋಡೆ ನೆನಪಾಗುತ್ತಿತ್ತು. ಮೊದಮೊದಲು ಹೋಗಿ ಕೊನೆಯ ಸಲ ನೋಡಿ ಬರುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಮಂಡಿ ನೋಯುತ್ತಿತ್ತು, ಏಣಿ ಹತ್ತಿದ ದಿನದ ಮರುದಿನ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಗಿತ್ತು.

ಕಿಯೋನೊ ಫೋನ್ ಮಾಡಿದ್ದು ಅಂಥದೊಂದು ಮರುದಿನ. ಅವಳು ಇಸಾಮುವಿಗಿಂತ ಸ್ವಲ್ಪ ದೊಡ್ಡವಳು, ಅಪ್ಪನಿಂದ ಬಂದ ಸ್ನಾನದ ಮನೆಯನ್ನು ಇನ್ನೂ ನಡೆಸುತ್ತಿದ್ದಳು. ಗಂಡಸರ ಕಡೆಯ ಗೋಡೆ ಬರೆದುಕೊಡು ಎಂದು ಕೆಲವು ವರ್ಷಗಳಿಂದ ಕೇಳುತ್ತಲೇ ಇದ್ದಳು. ಇಸಾಮು ಹೆಂಗಸರ ಕಡೆಯದನ್ನು ಬರೆದುಕೊಟ್ಟಿದ್ದ. ಗಂಡಸರ ಕಡೆಗೆ ಬಂದಾಗ ಮಾತ್ರ ಆಕಾಶಕ್ಕೊಂದಿಷ್ಟು ನೀಲಿ ಬಳಿದು, ಉಳಿದದ್ದು ಇನ್ನೂ ಗಟ್ಟಿ ಇದೆ ಎಂದು ಹೇಳಿ ಏಣಿ ಇಳಿದುಬಿಡುತ್ತಿದ್ದ.

"ಈ ಸಲ ಪೂರ್ತಿ ಬರೀತೀಯೋ, ಇಲ್ಲ ಅಂಟಿಸೋರನ್ನ ಕರೀಲೋ?" ಎಂದಳು ಕಿಯೋನೊ. "ಪ್ಲಾಸ್ಟಿಕ್ ಹಾಳೆ ಮೇಲೆ ಚಿತ್ರ ಅಚ್ಚು ಹಾಕಿ ತಂದು ಅಂಟಿಸ್ತಾರಂತೆ. ಮಾದರಿ ತೋರಿಸಿದ್ರು. ಬೆಟ್ಟದ ಪಕ್ಕ ಬಲೂನು ಹಾರ್ತಿದೆ."

"ಬಲೂನಾ?"

"ನಾಲ್ಕು. ಒಂದರಲ್ಲಿ ನಾಯಿ ಕೂತಿದೆ."

ಇಸಾಮು ಬರುತ್ತೇನೆಂದ.

ಆ ಗೋಡೆಯನ್ನು ಅವನು ಇಷ್ಟು ವರ್ಷ ಬರೆಯದೆ ಬಿಟ್ಟಿದ್ದಕ್ಕೆ ಕಾರಣ ಅದರ ಮೇಲಿದ್ದ ಒಂದು ಪೈನ್ ಮರ. ಅದನ್ನು ಬರೆದವರು ಕುಸಾಕಾ. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಈ ಕಸುಬಿನಲ್ಲಿ ಒಬ್ಬರ ಚಿತ್ರದ ಮೇಲೆಯೇ ಇನ್ನೊಬ್ಬರು ಬರೆಯುತ್ತಾರೆ, ಹಳೆಯದನ್ನು ಉಳಿಸುವ ರೂಢಿಯಿಲ್ಲ. ಹಾಗಾಗಿ ಕುಸಾಕಾರ ಬೆಟ್ಟಗಳೂ ಕೆರೆಗಳೂ ಬೇರೆಲ್ಲ ಕಡೆ ಬಣ್ಣದಡಿ ಹೋಗಿದ್ದವು, ಇಲ್ಲವೇ ಗೋಡೆಯ ಜೊತೆಗೇ ಉರುಳಿದ್ದವು. ಉಳಿದದ್ದು ಇದೊಂದೇ. ಬೆಟ್ಟದ ಎಡಕ್ಕೆ ಹಳೆಯ ಮರ. ಅದರ ಒಂದು ಕೊಂಬೆ ಕೆರೆಯ ನೀರನ್ನು ಮುಟ್ಟುವಷ್ಟು ಕೆಳಗೆ ಬಾಗಿ, ಮುಟ್ಟುವ ಹೊತ್ತಿಗೆ ಮನಸ್ಸು ಬದಲಿಸಿದಂತೆ ತುದಿಯಲ್ಲಿ ಮೇಲೆದ್ದಿತ್ತು. ಇಸಾಮು ಬರೆದ ಪ್ರತಿ ಗೋಡೆಯಲ್ಲೂ ಎಲ್ಲೋ ಒಂದು ಕಡೆ ಆ ಕೊಂಬೆ ಇರುತ್ತಿತ್ತು. ಅದಿಲ್ಲದೆ ಅವನಿಗೆ ಚಿತ್ರ ಕೂಡಿಬರುತ್ತಿರಲಿಲ್ಲ.

ಮರವನ್ನು ಹಾಗೇ ಬಿಟ್ಟು, ಅದರ ಸುತ್ತ ಹೊಸದಾಗಿ ಬರೆಯುವುದೆಂದು ಅವನು ಲೆಕ್ಕ ಹಾಕಿಕೊಂಡಿದ್ದ. ಕಿಯೋನೊಗೆ ಹೇಳಿರಲಿಲ್ಲ. ಇದೊಂದನ್ನು ಉಳಿಸಿದರೆ ಆಮೇಲೆ ಏಣಿಯನ್ನು ಯಾರಿಗಾದರೂ ಕೊಟ್ಟುಬಿಡಬಹುದು ಎಂದೂ ಅಂದುಕೊಂಡಿದ್ದ.

ರಜೆಯ ದಿನ ಬೆಳಿಗ್ಗೆ ಹೋದಾಗ ತೊಟ್ಟಿ ಖಾಲಿಯಾಗಿತ್ತು. ತೊಟ್ಟಿಯ ಅಂಚುಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಏಣಿ ನಿಲ್ಲಿಸಿ, ಬಟ್ಟೆ ಹಾಸುವಷ್ಟರಲ್ಲೇ ಇಸಾಮುವಿಗೆ ಸಾಕಾಗಿತ್ತು. ಮರುದಿನ ಮಧ್ಯಾಹ್ನ ಬಾಗಿಲು ತೆರೆಯಬೇಕು, ಆದ್ದರಿಂದ ಒಂದೇ ದಿನದಲ್ಲಿ ಎಲ್ಲ ಮುಗಿಯಬೇಕು. ಕಿಯೋನೊ ಒಂದು ಪುಟ್ಟ ಸ್ಟೂಲು ಎಳೆದುಕೊಂಡು ಕೂತು ನೋಡುತ್ತಿದ್ದಳು.

"ಸೂರ್ಯ ಮುಳುಗೋದು ಬರೆದುಬಿಡು," ಎಂದಳು. ಸ್ನಾನದ ಮನೆಯ ಗೋಡೆಯಲ್ಲಿ ಮುಳುಗುವ ಸೂರ್ಯನನ್ನಾಗಲಿ ಉದುರುವ ಕೆಂಪು ಎಲೆಗಳನ್ನಾಗಲಿ ಬರೆಯುವಂತಿಲ್ಲ, ಬರೆದರೆ ವ್ಯಾಪಾರ ಇಳಿಯುತ್ತದೆಂಬ ನಂಬಿಕೆ. "ಇಳಿಯೋಕೆ ಇನ್ನೇನು ಉಳಿದಿದೆ ಇಲ್ಲಿ."

"ಸುಮ್ಮನಿರಕ್ಕ. ನಿಮ್ಮಪ್ಪ ಕೇಳಿಸ್ಕೊಂಡ್ರೆ ಎದ್ದು ಬರ್ತಾರೆ."

"ಬರಲಿ. ಒಲೆ ಉರಿ ನೋಡ್ಕೊಳ್ಳೋಕೆ ಒಬ್ರು ಬೇಕು."

ಬರೆಯುವ ಮೊದಲು ಸಡಿಲವಾದ ಬಣ್ಣವನ್ನು ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಹೊಸ ಬಣ್ಣವೂ ಅದರ ಜೊತೆಗೇ ಬಿದ್ದುಹೋಗುತ್ತದೆ. ಇಸಾಮು ಬಲತುದಿಯಿಂದ ಶುರುಮಾಡಿ ಎಡಕ್ಕೆ ಬಂದ. ಮರದ ಹತ್ತಿರ ಕೆರೆಯುವ ಕತ್ತಿಯನ್ನು ಕೆಳಗಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದ. ಒಳಗೆ ಟೊಳ್ಳು. ಹಬೆ ಬಣ್ಣದ ಹಿಂದೆ ಸೇರಿ ಇಡೀ ಮರ ಗೋಡೆಯಿಂದ ಬಿಟ್ಟುಕೊಂಡಿತ್ತು; ದೂರದಿಂದಷ್ಟೇ ಅದು ಗಟ್ಟಿ. ಇನ್ನೊಂದು ಸಲ ಒತ್ತಿದಾಗ ತಟ್ಟೆಯಷ್ಟಗಲದ ಚಕ್ಕೆ ಅವನ ಕೈಗೇ ಬಂತು.

ಅವನು ಏಣಿ ಇಳಿದು ತೊಟ್ಟಿಯ ಅಂಚಿನ ಮೇಲೆ ಕೂತ.

ಕಿಯೋನೊ ಒಳಗೆ ಹೋಗಿ ಅನ್ನದ ಉಂಡೆಗಳನ್ನೂ ಚಹಾವನ್ನೂ ತಂದಿಟ್ಟಳು. ಮರವನ್ನು ಹಾಗೇ ಉಳಿಸಬೇಕೆಂದಿದ್ದೆ ಎಂದು ಆಗ ಅವನು ಹೇಳಿದ. ಅವಳು ಗೋಡೆ ನೋಡಿದಳು, ಅವನನ್ನು ನೋಡಿದಳು. ಗಿರಾಕಿಗಳ ಬೋಳು ತಲೆಯ ಮೇಲೆ ಚಕ್ಕೆ ಉದುರಿದರೆ ಬೈಸಿಕೊಳ್ಳುವವಳು ತಾನು, ಈಗಾಗಲೇ ಒಬ್ಬರು ಬೈದೂ ಆಗಿದೆ, ತೆಗೆಯದೆ ಬೇರೆ ದಾರಿಯಿಲ್ಲ ಎಂದಳು. ಇಸಾಮು ಅನ್ನದ ಉಂಡೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಆ ಕೊಂಬೆಯನ್ನು ಅವನು ಮೊದಲು ನೋಡಿದ್ದು ಇಲ್ಲೇ, ಇದೇ ತೊಟ್ಟಿಯಲ್ಲಿ ಕೂತು. ಆಗ ಅವನು ಇವಾಬುಚಿ ಮೇಷ್ಟ್ರ ಹತ್ತಿರ ಬಣ್ಣ ಕಲಸುವ ಕೆಲಸದಲ್ಲಿದ್ದ. ಮೇಷ್ಟ್ರು ಎಡಚರು, ಮಾತು ಕಡಿಮೆ. ಚೆನ್ನಾಗಿದೆ ಎಂದು ಅವರು ಯಾರಿಗೂ ಹೇಳಿದ್ದನ್ನು ಅವನು ಕೇಳಿರಲಿಲ್ಲ. ಚಿತ್ರದ ಕೆಳಗೆ ಅಂಗಡಿಗಳ ಜಾಹೀರಾತು ಹಾಕುವ ಕಂಪನಿಗಳೇ ಚಿತ್ರಗಾರರನ್ನು ಇಟ್ಟುಕೊಳ್ಳುತ್ತಿದ್ದ ಕಾಲ ಅದು. ಮೇಷ್ಟ್ರದು ಒಂದು ಕಂಪನಿ, ಕುಸಾಕಾರದು ಇನ್ನೊಂದು; ಒಂದರ ಕಡೆಯವರು ಇನ್ನೊಂದರವರನ್ನು ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದರು. ಇಸಾಮು ಮೇಷ್ಟ್ರಿಗೆ ತಿಳಿಯದಂತೆ ಗಿರಾಕಿಯ ಹಾಗೆ ಇಲ್ಲಿಗೆ ಬಂದು, ಬಿಸಿನೀರಿನಲ್ಲಿ ಬೆರಳು ಸುಕ್ಕಾಗುವವರೆಗೆ ಕೂತು ಕೊಂಬೆಯನ್ನು ನೋಡುತ್ತಿದ್ದ. ಒಮ್ಮೆ ಹಾಗೆ ನೋಡುತ್ತ ನೋಡುತ್ತ ತಲೆ ಸುತ್ತಿ ನೀರಿಗೇ ಬಿದ್ದ. ಕಿಯೋನೊಳ ಅಪ್ಪ ಬಂದು ಕಂಕುಳಿಗೆ ಕೈಹಾಕಿ ಎಳೆದು, ನೆಲದ ಮೇಲೆ ಮಲಗಿಸಿ ತಣ್ಣೀರು ಸುರಿದಿದ್ದರು. ಕಿಯೋನೊ ಆ ಕಥೆಯನ್ನು ಅವನ ಹೆಂಡತಿಗೂ ಹೇಳಿದ್ದಳು.

ಕೊನೆಗೊಂದು ದಿನ ಮೇಷ್ಟ್ರು ಗೋಡೆಯ ಮೂಲೆಯೊಂದನ್ನು ಅವನಿಗೆ ಬಿಟ್ಟುಕೊಟ್ಟಾಗ, ಇಸಾಮು ಆ ಕೊಂಬೆಯನ್ನೇ ಬರೆದ. ಮೇಷ್ಟ್ರು ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಈ ಕೊಂಬೆ ಎಲ್ಲಿಂದ ತಂದೆ?"

"ಕುಸಾಕಾ ಅವರದ್ದು, ಮೇಷ್ಟ್ರೇ."

ಮೇಷ್ಟ್ರು ತಮ್ಮ ಕುಂಚವನ್ನು ತಿನ್ನರ್ ಡಬ್ಬಿಯಲ್ಲಿ ಅದ್ದಿ ತೊಳೆದರು. ಕುಂಚ ಸ್ವಚ್ಛವಾದ ಮೇಲೂ ತೊಳೆಯುತ್ತಲೇ ಇದ್ದರು. ಆಮೇಲೆ "ಚೆನ್ನಾಗಿದೆ" ಎಂದು ಹೊರಗೆ ಹೋದರು.

ಇಸಾಮುವಿಗೆ ಅದು ವ್ಯಂಗ್ಯವೆನಿಸಿ ಚುಚ್ಚಿದಂತಾಗಿತ್ತು. ವೈರಿಯ ಕೊಂಬೆಯನ್ನು ತಂದದ್ದಕ್ಕೆ ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದುಕೊಂಡ. ಅದೇ ವಾರ ಕುಸಾಕಾರ ಮನೆಗೆ ಹೋಗಿ, ನನ್ನನ್ನು ಸೇರಿಸಿಕೊಳ್ಳಿ ಎಂದು ಬಾಗಿ ನಿಂತ. ಕುಸಾಕಾ ಅವನನ್ನು ಹೊಸ್ತಿಲ ಮೇಲೇ ನಿಲ್ಲಿಸಿ, ಯಾರ ಹತ್ತಿರ ಇದ್ದೀಯ ಎಂದು ವಿಚಾರಿಸಿದರು. ಕೇಳಿ ನಕ್ಕುಬಿಟ್ಟರು. "ಅಲ್ಲಿ ಇಲ್ಲದ್ದು ಇಲ್ಲೇನೂ ಇಲ್ಲ ಕಣಯ್ಯ. ವಾಪಸ್ ಹೋಗು," ಎಂದರು. ಅದನ್ನೂ ಅವನು ದೊಡ್ಡವರ ಸೌಜನ್ಯದ ಮಾತು ಎಂದೇ ತಿಳಿದ. ಹಿಂತಿರುಗಿ, ಮೇಷ್ಟ್ರು ಸಾಯುವವರೆಗೂ ಅವರ ಬಣ್ಣ ಕಲಸಿದ. ಆ ಕೊಂಬೆಯ ಸುದ್ದಿಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಚಹಾ ಆರಿತು. ಇಸಾಮು ಎದ್ದು, ಏಣಿ ಹತ್ತಿ, ಕತ್ತಿ ತೆಗೆದುಕೊಂಡು ಮರವನ್ನು ಕೆರೆಯತೊಡಗಿದ. ಕೈ ನಿಧಾನವಾಗಿತ್ತು, ಆದರೆ ನಿಲ್ಲಲಿಲ್ಲ. ಎಲೆಗಳು ಹೋದವು, ಕಾಂಡ ಹೋಯಿತು. ಕೊಂಬೆಯನ್ನು ಕೊನೆಗೆ ಇಟ್ಟುಕೊಂಡಿದ್ದ. ಅದರ ಚಕ್ಕೆ ಉಗುರಿಗಿಂತ ದಪ್ಪವಾಗಿ, ಅಂಚಿನಲ್ಲಿ ಹಸಿರು, ನೀಲಿ, ಮತ್ತೆ ಹಸಿರು ಗೆರೆಗಳಾಗಿ ಎದ್ದಿತು. ಒಂದು ಪದರದ ಅಡಿಯಲ್ಲಿ ಕುಸಾಕಾರದೇ ಇನ್ನೊಂದು ಕೊಂಬೆ, ಹಿಂದಿನ ಯಾವುದೋ ವರ್ಷದ್ದು. ಅದರ ಅಡಿಯಲ್ಲೂ ಅದೇ. ಆಗೆಲ್ಲ ವರ್ಷವರ್ಷವೂ ಬರೆಯುತ್ತಿದ್ದರಲ್ಲ, ಪ್ರತಿ ಸಲವೂ ಹಳೆಯ ಗೆರೆಯ ಮೇಲೆಯೇ ಎಳೆದಿದ್ದರು.

ಎಲ್ಲಕ್ಕಿಂತ ಕೆಳಗೆ, ಗಾರೆಗೆ ಅಂಟಿಕೊಂಡು ಬಿಡದೆ ನಿಂತಿದ್ದ ಪದರ ಒಂದಿತ್ತು. ಅದೇ ಬಾಗು, ತುದಿಯಲ್ಲಿ ಹಾಗೇ ಮೇಲೆದ್ದಿತ್ತು. ಹಸಿರು ಮಾತ್ರ ಬೂದಿ ಕಲಸಿದಂಥ ಮಂಕು ಹಸಿರು. ಸೂಜಿಯಂಥ ಎಲೆಗಳ ಗೆರೆಗಳು ಉಳಿದವುಗಳಿಗೆ ತಿರುಗುಮುರುಗಾಗಿ, ಎಡಗಡೆಯಿಂದ ಓರೆಯಾಗಿ ಇಳಿದಿದ್ದವು. ಬಲಗೈಯವರು ಹಾಗೆ ಎಳೆಯುವುದಿಲ್ಲ. ಆ ಮಂಕು ಹಸಿರನ್ನು ಇಸಾಮು ತನ್ನ ಕೈಯಿಂದಲೇ ಎಷ್ಟು ಡಬ್ಬಿ ಕಲಸಿದ್ದನೋ. ಮಸಿಯನ್ನು ಒಂದು ಚೂರು ಹೆಚ್ಚು ಹಾಕಿದರೂ ಮೇಷ್ಟ್ರು ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು.

ಅವನು ಅಂಗೈಯಿಂದ ಆ ಗೆರೆಯನ್ನು ಒತ್ತಿ ನೋಡಿದ.

"ಅಕ್ಕ," ಎಂದ, ತಿರುಗದೆಯೇ. "ಕುಸಾಕಾ ಅವರಿಗಿಂತ ಮುಂಚೆ ಇಲ್ಲಿ ಯಾರು ಬರೀತಿದ್ರು?"

"ನಿಮ್ಮ ಮೇಷ್ಟ್ರೇ. ಆಮೇಲೆ ಅಪ್ಪ ಕಂಪನಿ ಬದಲಾಯಿಸಿದ್ರು, ಅವರು ಬರೋದು ನಿಲ್ತು. ನೀನಿನ್ನೂ ಬಂದಿರ್ಲಿಲ್ಲ." ಅವಳು ನೆಲದ ಚಕ್ಕೆಗಳನ್ನು ಗುಡಿಸುತ್ತಿದ್ದಳು. "ಆ ಕೊಂಬೆ ಕೆಳಗೆ ಕೂತ್ರೆ ನೆರಳಿದ್ದ ಹಾಗಿರುತ್ತೆ ಅಂತ ಮುದುಕರು ಹೇಳ್ತಿದ್ರಂತೆ. ಯಾರಾದ್ರೂ ಬರೀರಿ, ಕೊಂಬೆ ಮಾತ್ರ ಹಾಗೇ ಇರ್ಲಿ ಅಂತ ಅಪ್ಪ ಕುಸಾಕಾ ಅವರಿಗೆ ಹೇಳಿದ್ರು. ನಿಂಗೆ ಗೊತ್ತಿರ್ಲಿಲ್ವಾ?"

"ಇಲ್ಲ."

"ನಿಮ್ಮ ಮೇಷ್ಟ್ರು ಹೇಳ್ಲಿಲ್ವಾ?"

"ನಾನು ಕೇಳ್ಲಿಲ್ಲ."

ಕಿಯೋನೊ ಚಕ್ಕೆಗಳನ್ನು ಮೊರದಲ್ಲಿ ತುಂಬಿಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿದಳು.

ಬರೆಯುವುದು ಯಾವಾಗಲೂ ಆಕಾಶದಿಂದ. ಇಸಾಮು ರೋಲರಿನಲ್ಲಿ ನೀಲಿ ಎಳೆದ, ಮೋಡ ಇಟ್ಟ, ಬೆಟ್ಟಕ್ಕೆ ಹಿಮ ಹಾಕಿದ. ಅವನ ಬೆಟ್ಟ ಎಂದಿನಂತೆಯೇ ಬಂತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಡಕ್ಕೆ ಬರುವಷ್ಟರಲ್ಲಿ ಮೇಲಿನ ಕಿಟಕಿಯ ಬೆಳಕು ಹಳದಿಯಾಗಿತ್ತು. ಕಾಂಡ ಎಬ್ಬಿಸಿದ. ಕೊಂಬೆಗೆ ಬಂದಾಗ, ಗೋಡೆಯಲ್ಲಿ ಉಳಿದಿದ್ದ ಆ ಮಂಕು ಹಸಿರಿನ ಮೇಲೆ ಕುಂಚವಿಟ್ಟು, ಒಂದೇ ಉಸಿರಿನಲ್ಲಿ ನೀರಿನವರೆಗೆ ಇಳಿಸಿ ಮೇಲೆತ್ತಿದ. ಅದರಡಿ ಮೇಷ್ಟ್ರ ಗೆರೆ ಮುಚ್ಚಿಹೋಯಿತು. ಹೊಸದಾಗಿ ಏನಾದರೂ ಮಾಡಬಹುದಿತ್ತೇನೋ. ಅವನ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ, ಹುಡುಕುವಷ್ಟು ಶಕ್ತಿಯೂ ಇರಲಿಲ್ಲ.

ಕಿಯೋನೊ ಬಂದು, ಎರವಲು ಕೊಟ್ಟ ಪಾತ್ರೆ ಹಿಂದಕ್ಕೆ ಬಂದಾಗ ತಿರುಗಿಸಿ ನೋಡುವವಳಂತೆ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅದೇ ಕೊಂಬೆ," ಎಂದಳು.

"ಅದೇ."

"ಮೂಲೇಲಿ ಹೆಸರು ಬರಿ. ಈಗಿನ ಹುಡುಗರು ಬಂದು ಯಾರು ಬರೆದಿದ್ದು ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ಇಸಾಮು ಚಿಕ್ಕ ಕುಂಚಕ್ಕೆ ಬಿಳಿ ತೆಗೆದುಕೊಂಡು ಮೂಲೆಗೆ ಬಾಗಿದ. ತಾರೀಖು ಬರೆದ. ಅದರ ಪಕ್ಕ ಹೆಸರಿನ ಜಾಗವನ್ನು ಖಾಲಿ ಬಿಟ್ಟ. ಆಮೇಲೆ ಮಂಡಿಯ ಮೇಲೆ ಕೈಯೂರಿ ಎದ್ದು, ತಿನ್ನರ್ ಡಬ್ಬಿಯ ಹತ್ತಿರ ಕೂತು ಕುಂಚ ತೊಳೆಯತೊಡಗಿದ. ಬಿಳಿ ಪೂರ್ತಿ ಹೋಗಿ ಕೂದಲು ಸ್ವಚ್ಛವಾಯಿತು. ಅವನು ಇನ್ನೂ ತೊಳೆಯುತ್ತಲೇ ಇದ್ದ. ಕಿಯೋನೊ ನಾಳೆಗೆ ನೀರು ಬಿಡಲು ಒಳಗೆ ಹೋದಳು.