ಐದನೆಯ ಚರಣ

ಪಕ್ಕದ ಮನೆಯ ಹಾಡುಗಾರರ ಎರಡು ಕೈಗಳೂ ಒಬ್ಬರವೇ ಎಂದು ನಂಬುವುದು ಕಷ್ಟವಾಗಿತ್ತು. ಎಡಗೈಯ ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿರುತ್ತಿದ್ದರು. ಬಲಗೈಯವು ಹಳದಿಗಟ್ಟಿ ಉದ್ದಕ್ಕೆ ಬೆಳೆದಿದ್ದವು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ ಮೊದಲ ದಿನವೇ, "ಉಗುರು ಬೆಳೆಸಿದ ಗಂಡಸು ಮನೆಗೆ ಶುಭ ಅಲ್ಲ ಕಣೇ," ಎಂದು ಪಿಸುಗುಟ್ಟಿದಳು. "ಗಿಟಾರ್ ನುಡಿಸ್ತಾರಮ್ಮ, ವೀಣೆಯವರು ಬೆಳೆಸಲ್ವಾ?" ಎಂದು ನಾನು ಹೇಳಿದ ಮೇಲೆ ಅವರಿಗೆ ಕಾಫಿ ಕೊಟ್ಟಳು.

ವಿಟ್ಬಿ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಒಗ್ಗರಣೆ ಹಾಕಿದ್ದು ಅವರಿಗೆ ಕೇಳಿಸುತ್ತಿತ್ತು, ಅವರು ತಂತಿ ಬಿಗಿ ಮಾಡಿದ್ದು ನನಗೆ. ಸ್ಕಾಟ್ಲೆಂಡಿನ ಮೀನುಗಾರರ ಮನೆಯವರು. ಹರೆಯದಲ್ಲೇ ಗಿಟಾರ್ ಹೊತ್ತು ಇಲ್ಲಿಗೆ ಬಂದು, ತಾವೇ ಕಟ್ಟಿದ ಹಾಡುಗಳನ್ನು ಪಬ್ಬುಗಳಲ್ಲಿ, ಚರ್ಚುಗಳಲ್ಲಿ ಹಾಡುತ್ತಲೇ ಮುದುಕರಾಗಿದ್ದರು. ಕ್ಯಾಸೆಟ್ಟು ಬಂತು, ಸಿಡಿ ಬಂತು, ಎರಡೂ ಹೋದವು. ಜನ ಕೇಳುತ್ತಿದ್ದದ್ದು ಮಾತ್ರ ಒಂದೇ ಹಾಡು. ಬಿರುಗಾಳಿಯಲ್ಲಿ ದೋಣಿಯೊಂದಿಗೆ ಕಾಣೆಯಾದ ತಮ್ಮ ಸ್ವಂತ ಅಣ್ಣನ ಹಾಡು. ನಾಲ್ಕನೆಯ ಚರಣ ಮುಗಿದದ್ದೇ ತಂತಿಗಳ ಮೇಲೆ ಅಂಗೈ ಇಟ್ಟು ನಿಲ್ಲಿಸಿಬಿಡುತ್ತಿದ್ದರು. ಐದನೆಯದನ್ನೂ ಬರೆದಿದ್ದರು. ಯಾರ ಮುಂದೆಯೂ ಹಾಡಿರಲಿಲ್ಲ.

"ಹೆಣ ಸಿಗೋತನಕ ನಮ್ಮೂರಲ್ಲಿ ಅಂಥ ಹಾಡು ಮುಗಿಸೋದಿಲ್ಲ," ಎನ್ನುತ್ತಿದ್ದರು ಇಂಗ್ಲಿಷಿನಲ್ಲಿ. "ಮುಗಿಸಿದವನನ್ನ ಸಮುದ್ರ ಕರೆಯುತ್ತೆ."

ಅವರ ಹೆಂಡತಿ ಒಮ್ಮೆ ಬೇಲಿಯಾಚೆ ನಿಂತು ನನಗೆ ಹೇಳಿದ್ದರು: "ಅದನ್ನ ನನಗೂ ಹಾಡಿಲ್ಲ. ಹಾಡೋದೂ ಬೇಡ. ನನ್ನ ಗಂಡ ಬದುಕಿರಲಿ, ಸಾಕು."

ಅಮ್ಮನ ಶಾಸ್ತ್ರ ಬೇರೆ. ಮಂಗಳ ಹಾಡದೆ ಎದ್ದವರನ್ನು ಅವಳು ಎಂದೂ ಕ್ಷಮಿಸಿದವಳಲ್ಲ. ಅವರು ನಮ್ಮ ಮನೆಯಲ್ಲಿ ಹಾಡಿ ನಿಲ್ಲಿಸಿದಾಗಲೆಲ್ಲ, "ಅರ್ಧಕ್ಕೆ ಬಿಟ್ಟ ಹಾಡು ಮನೇಲೇ ಉಳಿದುಬಿಡತ್ತೆ. ಪೂರ್ತಿ ಹಾಡೋಕೆ ಹೇಳೇ," ಎಂದು ನನ್ನನ್ನು ತಿವಿಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ತಿಳಿಸಿದರೆ ಅವರು ನಗುತ್ತಿದ್ದರು. "ಇನ್ನೂ ಇಲ್ಲ, ಅಮ್ಮ."

ಆ ಚಳಿಗಾಲದಲ್ಲಿ ಅವರ ಬಲಗೈ ನಡುಗತೊಡಗಿತು. ಕಾರ್ಯಕ್ರಮಗಳು ಒಂದೊಂದಾಗಿ ನಿಂತವು. ಗೋಡೆಯಾಚೆ ಅದೇ ಸ್ವರ ಮತ್ತೆ ಮತ್ತೆ ತಪ್ಪುತ್ತಿತ್ತು. ಆಮೇಲೆ ಅದೂ ಇಲ್ಲ. ಆ ಮೌನಕ್ಕೆ ನಾನು ಹೆದರುತ್ತಿದ್ದೆ. ಒಂದು ಮಧ್ಯಾಹ್ನ ಕರೆಯದೆಯೇ ಬಂದರು. ನಾನು ಅವರ ಬಲಗೈ ನೋಡಿದೆ. ಆ ಉಗುರುಗಳನ್ನೂ ಕತ್ತರಿಸಿಬಿಟ್ಟಿದ್ದರು.

"ಅಮ್ಮನಿಗೆ ಇವತ್ತು ಪೂರ್ತಿ ಹಾಡ್ತೀನಿ."

"ಬೇಡ," ಎಂದೆ. "ನಿಮ್ಮೂರಿನ ಮಾತು ನೀವೇ ಹೇಳಿದ್ರಲ್ಲ?"

"ಅಣ್ಣ ತುಂಬ ಕಾಲ ಕಾದಿದ್ದಾನೆ."

ಗಿಟಾರ್ ಇಲ್ಲದೆ ಹಾಡಿದರು. ನಾಲ್ಕನೆಯ ಚರಣ ಮುಗಿದಾಗ ಅಭ್ಯಾಸಬಲದಿಂದ ಅಂಗೈಯನ್ನು ತೊಡೆಯ ಮೇಲಿಟ್ಟರು, ಮತ್ತೆ ತೆಗೆದರು. ಐದನೆಯದರಲ್ಲಿ ದೋಣಿ ದಡಕ್ಕೆ ಬರುತ್ತದೆ. ಅಣ್ಣ ಇಳಿಯುವುದಿಲ್ಲ, ಸರಿದು ಕುಳಿತು ತಮ್ಮನಿಗೆ ಜಾಗ ಮಾಡಿಕೊಡುತ್ತಾನೆ. ಅಷ್ಟರಲ್ಲಿ ಗೋಡೆಯಾಚೆ ಅವರ ಹೆಂಡತಿಯ ವ್ಯಾಕ್ಯೂಮ್ ಕ್ಲೀನರ್ ಶುರುವಾಯಿತು. ಹಾಡು ಮುಗಿಯುವವರೆಗೂ ಅದು ಒಂದೇ ಕಡೆ ನಿಂತು ಮೊರೆಯಿತು. ಅಮ್ಮ ಮಾತ್ರ ತೃಪ್ತಿಯಿಂದ ಮಂಗಳ ಹಾಡಿ, ಅವರ ಕೈಗೆ ಎರಡು ಬಾಳೆಹಣ್ಣು ಕೊಟ್ಟಳು.

ಅದೇ ವಾರ ಅವರು ನಿದ್ದೆಯಲ್ಲೇ ಹೋದರು. "ನೋಡು, ಎಷ್ಟು ಚೆನ್ನಾಗಿ ಮುಗಿಸಿಕೊಂಡು ಹೋದರು," ಎಂದು ಅಮ್ಮ ಕಣ್ಣೊರೆಸಿಕೊಂಡಳು. ಚರ್ಚಿನಲ್ಲಿ ಎಲ್ಲರೂ ಸೇರಿ ಆ ಹಾಡನ್ನು ಹಾಡಿ, ಅವರಂತೆಯೇ ನಾಲ್ಕನೆಯ ಚರಣಕ್ಕೆ ನಿಲ್ಲಿಸಿದರು. ಐದನೆಯದಕ್ಕೆಂದು ನನ್ನ ಬಾಯಿ ಮಾತ್ರ ತೆರೆದೇ ಇತ್ತು. ಮುಂದಿನ ಸಾಲಿನಿಂದ ಅವರ ಹೆಂಡತಿ ತಿರುಗಿ ನನ್ನನ್ನೇ ನೋಡುತ್ತಿದ್ದರು.

ಊರೂರು ಸುತ್ತಿ ಹಾಡಿದವರು, ಯಾರಿಗೂ ಕೊಡದ್ದನ್ನು ನಮ್ಮ ಮನೆಗೆ ಕೊಟ್ಟರು. ಆ ಋಣ ದೊಡ್ಡದು. ನನಗೆ ಅದರ ಭಯವೂ ಇದೆ. ಅಮ್ಮ ಮೈಸೂರಿಗೆ ಹಿಂದಿರುಗಿದ್ದಾಳೆ, ಅವಳಿಗೆ ಇಂಗ್ಲಿಷ್ ಬಾರದು. ಆ ಮಾತುಗಳು ಉಳಿದಿರುವುದು ನನ್ನೊಬ್ಬಳಲ್ಲಿ. ತರಕಾರಿ ಹೆಚ್ಚುವಾಗ ಐದನೆಯ ಚರಣ ತಾನಾಗಿಯೇ ನಾಲಿಗೆಗೆ ಬರುತ್ತದೆ. ಗೋಡೆಯಾಚೆ ಅವರ ಹೆಂಡತಿ ಒಬ್ಬರೇ ಇದ್ದಾರೆ. ಅವರಿಗೆ ಕೇಳಿಸದಂತೆ ನಾನು ನಲ್ಲಿಯ ನೀರನ್ನು ಜೋರಾಗಿ ಬಿಡುತ್ತೇನೆ.