ಅಟ್ಟದಿಂದ ಇಳಿದ ಮಚ್ಚು

ರಾಯಲ್ಪಾಡಿನ ನಮ್ಮ ಪಕ್ಕದ ತೋಟದಾಕೆ ಮಾವಿನ ಕೊಂಬೆ ಸವರುತ್ತಿದ್ದುದು ಅತ್ತೆಮನೆಯ ತಲೆಮಾರುಗಳಷ್ಟು ಹಳೇ ಮಚ್ಚಿನಲ್ಲಿ. ಗಿಣಿಕೊಕ್ಕಿನಂತೆ ಬಾಗಿದ ತುದಿಯಲ್ಲೇ ಅದರ ಭಾರವೆಲ್ಲ. ಎತ್ತಿದರೆ ಸಾಕು, ಏಟು ತಾನೇ ಬೀಳುತ್ತಿತ್ತು. ಅದರ ಬಗ್ಗೆ ಏನು ಕೇಳಿದರೂ "ಹಿಡ್ದು ನೋಡು ನಾಯ್ನಾ" ಅನ್ನೋಳು. ಜಗಳ ಬಂದೀತೆಂದು ಕೈಗೆ ಮಾತ್ರ ಕೊಡುತ್ತಿರಲಿಲ್ಲ, ನೆಲಕ್ಕಿಟ್ಟು ಸರಿದು ನಿಲ್ಲೋಳು.

ಒಂದು ಸಲ ಎತ್ತಿಕೊಂಡು ಬೀಸಿಯೇಬಿಟ್ಟೆ. ಅಲುಗು ಕೊಂಬೆಯ ಮೇಲೆ ಜಾರಿತು. ಆಕೆ ಕಿಸಕ್ಕನೆ ನಕ್ಕಳು.

"ಈ ಮನೆ ಗಂಡಸ್ರಿಗೂ ಹಿಂಗೇ ಜಾರ್ತಿತ್ತು. ಮೊಂಡು ಅಂತ ಅಟ್ಟಕ್ಕೆ ಎಸ್ದಿದ್ರು. ನಾನೇ ಇಳಿಸ್ಕೊಂಡೆ."

ಅದನ್ನು ಎಡಗೈಗೆ ತಗೊಂಡಳು. ಒಂದೇ ಏಟಿಗೆ ಕೊಂಬೆ ಬಿತ್ತು. ಆಗ ಕಂಡಿತು: ಎಡಗೈಯವರಿಗೆ ಮಾಡಿದಂತೆ, ಅಲುಗನ್ನು ಸಾಣೆ ಹಿಡಿದಿದ್ದುದು ಎಡಮಗ್ಗುಲಿಗೆ ಮಾತ್ರ.

"ಎಡಚಿ ಸೊಸೆ ಅಂತ ನಮ್ಮತ್ತೆ ನನ್ನ ಕೈಲಿ ಊಟ ಬಡಿಸ್ಕೊಳ್ತಾನೇ ಇರ್ಲಿಲ್ಲ," ಅಂದಳು, ಅಲುಗು ಒರೆಸುತ್ತಾ. "ಇದೇ ಮನೇಲಿ ನನಗಿಂತ ಮುಂಚೆ ಇನ್ನೊಬ್ರು ಎಡಚ್ರು ಇದ್ರಲ್ಲ ನಾಯ್ನಾ, ಯಾರಿರ್ಬೋದು?"